ಶುಕ್ರವಾರದ ಅಭಿಪ್ರಾಯ, ಆಗಸ್ಟ್ ತಿಂಗಳ ಉತ್ತರ

(ಪತ್ರಿಕೋದ್ಯಮ ಓದುತ್ತಿರುವ ವಿದ್ಯಾರ್ಥಿಗಳ ಎದುರು ಆಡಿದ ಮಾತಿನ ಬರಹ ರೂಪ ಇದು. ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟ ವಿಷಯ ಬಹಳ ದೊಡ್ಡದು. ಟೆಕ್ ಸುದ್ದಿ, ರಾಜಕೀಯ, ದೇಶ ವಿದೇಶದ ಸಂಗತಿ, ಇವಕ್ಕೆಲ್ಲ ಜನ ಆನ್‌ಲೈನ್‌ನಲ್ಲಿ ಹೇಗೆ ಪ್ರತಿಕ್ರಿಯೆ ಕೊಡುತ್ತಾರೆ ಅನ್ನೋದು. ಅಷ್ಟನ್ನೂ ಹಿಡಿಯಲು ಹೋದರೆ ಬರೀ ಗಾಳಿಯಲ್ಲಿ ಮಾತಾಡಬೇಕಾಗುತ್ತದೆ. ಜನಕ್ಕೆ ತಾಳ್ಮೆ ಇಲ್ಲ, ಸೋಷಿಯಲ್ ಮೀಡಿಯಾ ಕೆಟ್ಟುಹೋಗಿದೆ ಅಂತ ನಾನು ಹೇಳುವುದು, ನೀವು ಚಪ್ಪಾಳೆ ತಟ್ಟಿ ಟೀ ಕುಡಿಯಲು ಹೋಗುವುದು. ಅದು ಬೇಡ. ಒಂದೇ ಒಂದು ವಾರ ತೆಗೆದುಕೊಳ್ಳೋಣ. 2024ರ ಜುಲೈ ತಿಂಗಳ ಮೂರನೇ ವಾರ.

ಆ ವಾರ ನೆನಪಿದೆಯಾ? ಜುಲೈ 13ರ ಶನಿವಾರ ಅಮೆರಿಕದ ಬಟ್ಲರ್ ಎಂಬ ಊರಲ್ಲಿ ಟ್ರಂಪ್ ಮೇಲೆ ಗುಂಡು ಹಾರಿತು. 15ರ ಸೋಮವಾರ ನಮ್ಮ ರಾಜ್ಯದ ಸಚಿವ ಸಂಪುಟ, ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. 16ರ ಮಂಗಳವಾರ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿಯಿತು. ಪಂಚೆ ಉಟ್ಟಿದ್ದಾರೆ ಅಂತ ರೈತರೊಬ್ಬರನ್ನು ಬೆಂಗಳೂರಿನ ಮಾಲ್ ಒಂದು ಒಳಗೆ ಬಿಡದೆ ನಿಲ್ಲಿಸಿದ್ದೂ ಆ ವಾರವೇ. 18ರ ಗುರುವಾರ ಬಾಂಗ್ಲಾದೇಶದಲ್ಲಿ ಇಂಟರ್ನೆಟ್ ಬಂದ್ ಆಯಿತು. 19ರ ಶುಕ್ರವಾರ ಜಗತ್ತಿನ ಎಷ್ಟೋ ಆಫೀಸುಗಳ ಕಂಪ್ಯೂಟರ್ ನೀಲಿ ಬಣ್ಣಕ್ಕೆ ತಿರುಗಿ ನಿಂತವು. 21ರ ಭಾನುವಾರ ಬೈಡನ್ ಚುನಾವಣಾ ಕಣದಿಂದ ಹಿಂದೆ ಸರಿದರು. ಒಬ್ಬ ಮನುಷ್ಯ ಒಂದು ವಾರದಲ್ಲಿ ಇಷ್ಟಕ್ಕೂ ಅಭಿಪ್ರಾಯ ಹೇಳಬೇಕು ಅಂದರೆ ಊಟ ಮಾಡುವುದು ಯಾವಾಗ? ಆದರೂ ಹೇಳಿದರು. ನಾನೂ ಹೇಳಿದೆ.

ಶುಕ್ರವಾರದಿಂದ ಶುರು ಮಾಡುತ್ತೇನೆ. ಕಂಪ್ಯೂಟರ್ ರಿಪೇರಿ ಮಾಡುವ ಜನರ ಜೊತೆಗೇ ನನ್ನ ಕೆಲಸ, ಹಾಗಾಗಿ ಅದು ನನಗೆ ಹತ್ತಿರದಿಂದ ಗೊತ್ತು.

ಬೆಳಗ್ಗೆ 9 ಗಂಟೆ 39 ನಿಮಿಷ, ನಮ್ಮ ಸಮಯ. ಕ್ರೌಡ್‌ಸ್ಟ್ರೈಕ್ ಅನ್ನೋ ಅಮೆರಿಕದ ಭದ್ರತಾ ಕಂಪನಿ ತನ್ನ ಫಾಲ್ಕನ್ ಸಾಫ್ಟ್‌ವೇರ್‌ಗೆ ಒಂದು ಸಣ್ಣ ಅಪ್‌ಡೇಟ್ ಕಳಿಸಿತು. ಅದನ್ನು ಪಡೆದ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಬಿದ್ದವು. ಮತ್ತೆ ಆನ್ ಆದವು, ಮತ್ತೆ ಬಿದ್ದವು. 10 ಗಂಟೆ 57ಕ್ಕೆ ಕಂಪನಿ ಅಪ್‌ಡೇಟ್ ಹಿಂದೆ ತೆಗೆದುಕೊಂಡಿತು. ಒಟ್ಟು 78 ನಿಮಿಷ. ಅಷ್ಟರಲ್ಲಿ ಸುಮಾರು 85 ಲಕ್ಷ ಕಂಪ್ಯೂಟರ್‌ಗಳಿಗೆ ತಾಗಿತ್ತು ಅಂತ ಆಮೇಲೆ ಮೈಕ್ರೋಸಾಫ್ಟ್ ಅಂದಾಜು ಹೇಳಿತು. ಇಡೀ ಜಗತ್ತಿನ ವಿಂಡೋಸ್ ಯಂತ್ರಗಳಲ್ಲಿ ಇದು ಶೇ. 1ಕ್ಕಿಂತ ಕಡಿಮೆ. ಆದರೆ ಆ ಶೇ. 1 ಎಲ್ಲಿತ್ತು? ವಿಮಾನ ನಿಲ್ದಾಣದಲ್ಲಿ, ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ. ಬೆಂಗಳೂರು, ಹೈದರಾಬಾದ್, ದೆಹಲಿ ನಿಲ್ದಾಣಗಳಲ್ಲಿ ಸಾಲುಗಳು ಬಾಗಿಲು ದಾಟಿದವು. ಇಂಡಿಗೋ ಸಿಬ್ಬಂದಿ ಬೋರ್ಡಿಂಗ್ ಪಾಸನ್ನು ಬಾಲ್ ಪೆನ್ನಿನಲ್ಲಿ ಬರೆದು ಕೊಟ್ಟರು. ಹೆಸರು, ವಿಮಾನದ ನಂಬರ್, ಸೀಟು, ಎಲ್ಲ ಕೈಬರಹ. ಅದರ ಫೋಟೋ ಆ ದಿನ ನಿಮ್ಮ ಫೋನಿಗೂ ಬಂದಿರುತ್ತದೆ.

ಈಗ ಗಮನಿಸಿ. ಏನಾಗಿದೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲದ ಆ ಹೊತ್ತಲ್ಲಿ, ಯಾಕೆ ಆಯಿತು ಅಂತ ಎಲ್ಲರಿಗೂ ಗೊತ್ತಿತ್ತು.

ರಷ್ಯಾ ಮಾಡಿದ್ದು ಅಂದರು. ಚೀನಾ ಅಂದರು. ಕಂಪನಿಯ ಮುಖ್ಯಸ್ಥ ಜಾರ್ಜ್ ಕರ್ಟ್ಜ್ ಇದು ಸೈಬರ್ ದಾಳಿ ಅಲ್ಲ ಅಂತ ಬರೆದ ಮೇಲೆ, ನೋಡಿದಿರಾ, ಮುಚ್ಚಿಡುತ್ತಿದ್ದಾರೆ ಅಂದರು. ಅಮೆರಿಕದ ಬಲಪಂಥದವರು, ಅರ್ಹತೆ ಬಿಟ್ಟು ಬಣ್ಣ, ಲಿಂಗ ನೋಡಿ ಕೆಲಸ ಕೊಟ್ಟರೆ ಹೀಗೇ ಆಗುವುದು ಅಂದರು. ಎಡದವರು, ದೊಡ್ಡ ಕಂಪನಿಗಳಿಗೆ ಏಕಸ್ವಾಮ್ಯ ಕೊಟ್ಟರೆ ಹೀಗೇ ಆಗುವುದು ಅಂದರು. ನಮ್ಮಲ್ಲಿ ಸ್ವದೇಶಿ ಸಾಫ್ಟ್‌ವೇರ್ ಬೇಕು ಅಂದರು. ವಿಂಡೋಸ್ ಬದಲು ಲಿನಕ್ಸ್ ಬಳಸುವವರಂತೂ ಹಬ್ಬ ಮಾಡಿದರು, ಪಾಪ, ಅವರಿಗೆ ವರ್ಷಕ್ಕೊಮ್ಮೆ ಬರುವ ಖುಷಿ ಅದು. ಕೆಲವೇ ತಿಂಗಳ ಹಿಂದೆ ಇದೇ ಕ್ರೌಡ್‌ಸ್ಟ್ರೈಕ್ ಅಪ್‌ಡೇಟ್‌ನಿಂದ ಕೆಲವು ಡೆಬಿಯನ್, ರಾಕಿ ಲಿನಕ್ಸ್ ಯಂತ್ರಗಳೂ ಮಲಗಿದ್ದವು ಅನ್ನೋದು ಆ ಖುಷಿಯಲ್ಲಿ ಮರೆತುಹೋಗಿತ್ತು.

ಟ್ರಂಪ್ ಕಡೆಯವರಿಗೆ ಇದರಲ್ಲಿ ಹಳೇ ಕಥೆಯೊಂದು ಸಿಕ್ಕಿತು. 2016ರಲ್ಲಿ ಡೆಮಾಕ್ರಟಿಕ್ ಪಕ್ಷದ ಕಂಪ್ಯೂಟರ್‌ಗಳಿಗೆ ನುಗ್ಗಿದ್ದು ರಷ್ಯಾದವರು ಅಂತ ಮೊದಲು ಹೇಳಿದ್ದು ಇದೇ ಕ್ರೌಡ್‌ಸ್ಟ್ರೈಕ್. 2019ರ ಜುಲೈನಲ್ಲಿ ಉಕ್ರೇನ್ ಅಧ್ಯಕ್ಷ ಝೆಲೆನ್‌ಸ್ಕಿ ಜೊತೆ ಟ್ರಂಪ್ ಆಡಿದ ಫೋನ್ ಮಾತಿನಲ್ಲೂ ಈ ಕಂಪನಿಯ ಹೆಸರು ಬರುತ್ತದೆ. ಆ ಮಾತಿನ ಸುತ್ತಲೇ ಟ್ರಂಪ್ ಮೇಲಿನ ಮೊದಲ ವಾಗ್ದಂಡನೆ ನಡೆದದ್ದು. ಬಟ್ಲರ್‌ನಲ್ಲಿ ಗುಂಡು ಹಾರಿ ಇನ್ನೂ ಆರು ದಿನ, ಟ್ರಂಪ್ ಅಭ್ಯರ್ಥಿಯಾಗಲು ಒಪ್ಪಿ ಭಾಷಣ ಮಾಡಿದ್ದು ಹಿಂದಿನ ರಾತ್ರಿ, ಬೆಳಗ್ಗೆ ನೋಡಿದರೆ ಇದೇ ಕಂಪನಿಯಿಂದ ಕಂಪ್ಯೂಟರ್ ಎಲ್ಲ ಬಂದ್. ಇಂಥವನ್ನು ಜೋಡಿಸಿ ನೋಡುವ ಚಟ ಇರುವವನಿಗೆ ಇದಕ್ಕಿಂತ ಏನು ಬೇಕು ಹೇಳಿ.

ಇವರೆಲ್ಲ ಪೆದ್ದರು ಅಂತ ನಾನು ಹೇಳುತ್ತಿಲ್ಲ. ಏಕಸ್ವಾಮ್ಯದ ಬಗ್ಗೆ ಮಾತಾಡಿದವರ ವಾದದಲ್ಲಿ ಹುರುಳಿತ್ತು. ನನ್ನ ಮಾತು ಇಷ್ಟೇ. ಇವರಲ್ಲಿ ಒಬ್ಬೊಬ್ಬರೂ ಗುರುವಾರ ರಾತ್ರಿ ಯಾರ ಜೊತೆ ಜಗಳ ಆಡುತ್ತಿದ್ದರೋ, ಶುಕ್ರವಾರವೂ ಅವರ ಜೊತೆಗೇ ಆಡಿದರು. ಸುದ್ದಿ ಬದಲಾಯಿತು, ಜಗಳ ಹಾಗೇ ಇತ್ತು.

ತಮಾಷೆಗಳನ್ನು ಬಿಡಲಾಗದು. ಬೆಲ್ಜಿಯಂನಲ್ಲಿ ವಿನ್ಸೆಂಟ್ ಫ್ಲಿಬುಸ್ಟಿಯೆ ಅಂತ ಒಬ್ಬ ಇದ್ದಾನೆ, ಸುಳ್ಳು ಸುದ್ದಿಯ ಅಣಕು ತಾಣ ನಡೆಸುವವ. ಕ್ರೌಡ್‌ಸ್ಟ್ರೈಕ್ ಕಚೇರಿ ಎದುರು ತಾನು ನಿಂತ ಹಾಗೆ ಫೋಟೋ ಮಾಡಿ ಹಾಕಿದ. ಇವತ್ತು ಕೆಲಸಕ್ಕೆ ಮೊದಲ ದಿನ, ಸಣ್ಣದೊಂದು ಅಪ್‌ಡೇಟ್ ಕಳಿಸಿದೆ, ಮಧ್ಯಾಹ್ನ ರಜೆ ಅನ್ನೋ ಅರ್ಥದ ಸಾಲು. ಆಮೇಲೆ ಕೆಲಸದಿಂದ ತೆಗೆದರು ಅಂತಲೂ ಬರೆದುಕೊಂಡ. ನಿಜ ಅಂತ ನಂಬಿದವರು ಎಷ್ಟೋ ಜನ. ಲಾಸ್ ವೇಗಸ್‌ನ ಸ್ಫಿಯರ್ ಅನ್ನೋ ದೊಡ್ಡ ಗುಂಡು ಕಟ್ಟಡದ ಮೇಲೆ ನೀಲಿ ಪರದೆ ಬಂದಿದೆ ಅನ್ನೋ ಫೋಟೋನೂ ಓಡಾಡಿತು. ಅದೂ ಮಾಡಿದ ಚಿತ್ರವೇ.

ಇವೆರಡಕ್ಕಿಂತ ನನಗೆ ಕುತೂಹಲ ಹುಟ್ಟಿಸಿದ್ದು ಅಮೆರಿಕದ ಸೌತ್‌ವೆಸ್ಟ್ ವಿಮಾನ ಕಂಪನಿಯ ಕಥೆ. ಉಳಿದ ಕಂಪನಿಗಳೆಲ್ಲ ನಿಂತಿವೆ, ಸೌತ್‌ವೆಸ್ಟ್ ಮಾತ್ರ ಹಾರುತ್ತಿದೆ, ಯಾಕೆಂದರೆ ಅವರು ಇನ್ನೂ 1992ರ ವಿಂಡೋಸ್ 3.1 ಬಳಸುತ್ತಾರೆ. ಯಾರೋ ನಗಿಸಲು ಬರೆದ ಸಾಲು. ಗಂಭೀರ ಸುದ್ದಿ ತಾಣಗಳು ಕೂಡ ಅದನ್ನೇ ಸುದ್ದಿ ಮಾಡಿದವು. ಅವರಿಗೆ ತಾಗದೇ ಇದ್ದದ್ದಕ್ಕೂ 3.1ಕ್ಕೂ ಏನೂ ಸಂಬಂಧ ಇರಲಿಲ್ಲ. ಹಾಗಾದರೆ ಜನ ಯಾಕೆ ನಂಬಿದರು? 2022ರ ಡಿಸೆಂಬರ್‌ನಲ್ಲಿ ಇದೇ ಸೌತ್‌ವೆಸ್ಟ್, ಸಿಬ್ಬಂದಿಗೆ ಡ್ಯೂಟಿ ಹಾಕುವ ಹಳೇ ಸಾಫ್ಟ್‌ವೇರ್ ಕೈಕೊಟ್ಟು 16 ಸಾವಿರಕ್ಕೂ ಹೆಚ್ಚು ವಿಮಾನಗಳನ್ನು ರದ್ದು ಮಾಡಿತ್ತು. ಅವರ ಸಾಫ್ಟ್‌ವೇರ್ ಹಳೇದು ಅನ್ನೋದು ಜನರ ತಲೆಯಲ್ಲಿ ಮೊದಲೇ ಕೂತಿತ್ತು. ಹಳೇ ನಿಜವೊಂದು ಹೊಸ ಸುಳ್ಳಿಗೆ ಜಾಮೀನು ನಿಂತಿತು. ಪತ್ರಿಕೋದ್ಯಮದವರು ನೀವು, ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಪೂರ್ತಿ ಬುಡವಿಲ್ಲದ ಸುಳ್ಳು ಬೇಗ ಸಿಕ್ಕಿಬೀಳುತ್ತದೆ. ಅರ್ಧ ನೆನಪಿನ ಮೇಲೆ ಕೂತ ಸುಳ್ಳು ಸಂಪಾದಕರ ಮೇಜನ್ನೂ ದಾಟಿ ಬರುತ್ತದೆ.

ಹಾಗಂತ ಆ ದಿನ ಆನ್‌ಲೈನ್‌ನಲ್ಲಿ ಬಂದದ್ದೆಲ್ಲ ಕಸ ಅಲ್ಲ. ಇದನ್ನು ಒತ್ತಿ ಹೇಳಬೇಕು. ಆ ಶುಕ್ರವಾರ ಅತ್ಯಂತ ಉಪಯೋಗದ ಮಾತು ಬಂದದ್ದೂ ಆನ್‌ಲೈನ್‌ನಲ್ಲೇ, ಆಫೀಸ್ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್ ಅಡ್ಮಿನ್‌ಗಳಿಂದ. ಸೇಫ್ ಮೋಡ್‌ಗೆ ಹೋಗಿ, ವಿಂಡೋಸ್ ಫೋಲ್ಡರ್ ಒಳಗೆ ಸಿಸ್ಟಮ್32, ಅದರೊಳಗೆ ಡ್ರೈವರ್ಸ್, ಅದರೊಳಗೆ ಕ್ರೌಡ್‌ಸ್ಟ್ರೈಕ್, ಅಲ್ಲಿ ಸಿ-00000291 ಅಂತ ಶುರುವಾಗುವ ಫೈಲ್ ಅಳಿಸಿ, ರೀಸ್ಟಾರ್ಟ್ ಮಾಡಿ. ಇಷ್ಟೇ. ಇದರಲ್ಲಿ ಅಭಿಪ್ರಾಯ ಅನ್ನೋದು ಒಂದು ಚೂರೂ ಇಲ್ಲ. ಬರೆದವರು ಕೋಪದಲ್ಲಿದ್ದರು, ಬೈಗುಳವೂ ಇತ್ತು, ಆದರೆ ಅವರ ಕೈ ಯಂತ್ರದ ಮೇಲಿತ್ತು.

ಕೇಳಲು ಸುಲಭ, ಮಾಡಲು ಅಲ್ಲ. ಆಫೀಸ್ ಕಂಪ್ಯೂಟರ್‌ಗಳಲ್ಲಿ ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಇರುತ್ತದೆ. ಸೇಫ್ ಮೋಡ್‌ಗೆ ಹೋಗಬೇಕಾದರೆ ರಿಕವರಿ ಕೀ ಕೇಳುತ್ತದೆ. ಅದು 48 ಅಂಕಿಯದು, ಆರಾರು ಅಂಕಿಯ ಎಂಟು ಗುಂಪು, ಪ್ರತಿ ಯಂತ್ರಕ್ಕೂ ಬೇರೆ ಬೇರೆ. ಬೆಂಗಳೂರಿನಲ್ಲಿ ಕೂತ ಹುಡುಗ ಫೋನಿನಲ್ಲಿ ಒಂದೊಂದೇ ಅಂಕಿ ಓದುತ್ತಾನೆ, ಆ ಕಡೆ ಬೇರೆ ದೇಶದ ಶಾಖೆಯಲ್ಲಿ ಅಕೌಂಟ್ಸ್ ನೋಡುವ ಹೆಂಗಸು ಅದನ್ನು ಟೈಪ್ ಮಾಡುತ್ತಾಳೆ. ನಡುವೆ ಒಂದು ಅಂಕಿ ತಪ್ಪಿತು, ಮತ್ತೆ ಮೊದಲಿಂದ. ಆಕೆಗೆ ಇವನ ಇಂಗ್ಲಿಷ್ ಉಚ್ಚಾರ ಅರ್ಥವಾಗದು, ಇವನಿಗೆ ಆಕೆಯದು. ಹೀಗೆ ಒಂದು ಯಂತ್ರ ಮುಗಿದ ಮೇಲೆ ಪಟ್ಟಿಯಲ್ಲಿ ಮುಂದಿನದು. ಕೆಲವು ಕಡೆ ಆ ಕೀಗಳನ್ನು ಇಟ್ಟಿದ್ದ ಸರ್ವರ್ ಕೂಡ ನೀಲಿ ಪರದೆಯಲ್ಲೇ ಕೂತಿತ್ತು. ಬೀಗದ ಕೈ ಮನೆಯೊಳಗೇ ಬಿಟ್ಟು ಬಾಗಿಲು ಎಳೆದುಕೊಂಡ ಹಾಗೆ.

ಆಸ್ಟ್ರೇಲಿಯಾದಲ್ಲಿ ಗ್ರಾಂಟ್ ಥಾರ್ನ್‌ಟನ್ ಅನ್ನೋ ಲೆಕ್ಕಪತ್ರ ಸಂಸ್ಥೆಯ ಐಟಿ ತಂಡದವರು ಇದಕ್ಕೊಂದು ಉಪಾಯ ಮಾಡಿದರು. ಅಂಗಡಿಯಲ್ಲಿ ಸಾಮಾನಿನ ಬಾರ್‌ಕೋಡ್ ಓದುವ ಸ್ಕ್ಯಾನರ್ ಇದೆಯಲ್ಲ, ಕಂಪ್ಯೂಟರ್‌ಗೆ ಅದು ಕೀಬೋರ್ಡ್ ಇದ್ದ ಹಾಗೆ. ಅದು ಓದಿದ್ದು ಟೈಪ್ ಮಾಡಿದಂತೆ ಹೋಗುತ್ತದೆ. ಇವರು 48 ಅಂಕಿಗಳನ್ನು ಬಾರ್‌ಕೋಡ್ ಮಾಡಿ ಪರದೆ ಮೇಲೆ ತೋರಿಸಿ, ಸ್ಕ್ಯಾನರ್‌ನಿಂದ ಕ್ಲಿಕ್ ಅನ್ನಿಸಿದರು. ಮುಗಿಯಿತು. ಇಡೀ ಪ್ರಕರಣದಲ್ಲಿ ಯಾರಾದರೂ ಮಾಡಿದ ಬುದ್ಧಿವಂತಿಕೆಯ ಕೆಲಸ ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಇದಕ್ಕೆ ಸಿಕ್ಕ ಲೈಕ್ ಎಷ್ಟು, ಎಲಾನ್ ಮಸ್ಕ್ ನಮ್ಮ ಯಂತ್ರಗಳಿಂದೆಲ್ಲ ಕ್ರೌಡ್‌ಸ್ಟ್ರೈಕ್ ಅಳಿಸಿಬಿಟ್ಟೆವು ಅಂತ ಬರೆದದ್ದಕ್ಕೆ ಸಿಕ್ಕ ಲೈಕ್ ಎಷ್ಟು, ನೀವೇ ಊಹಿಸಿ.

ಈಗ ಉತ್ತರಕ್ಕೆ ಬರೋಣ. ಆಗಸ್ಟ್ 6ರಂದು ಕಂಪನಿ ತನ್ನ ಪೂರ್ತಿ ತನಿಖಾ ವರದಿ ಹೊರಗಿಟ್ಟಿತು. ಅದರ ಸಾರ ಇದು. ಅಪ್‌ಡೇಟ್‌ನಲ್ಲಿ ಇದ್ದದ್ದು ದಾಳಿಯನ್ನು ಗುರುತಿಸುವ ನಿಯಮ. ಆ ನಿಯಮವನ್ನು ಬರೆದ ಜಾಗದಲ್ಲಿ 21 ಮಾಹಿತಿ ಇರುತ್ತವೆ ಅಂತ ಹೇಳಿತ್ತು. ಅದನ್ನು ಓದುವ ಪ್ರೋಗ್ರಾಮ್ ಕೈಯಲ್ಲಿ ಇದ್ದದ್ದು 20. ಫೆಬ್ರುವರಿಯಿಂದಲೂ ಹೀಗೇ ಇತ್ತು. ಯಾಕೆ ಅಲ್ಲಿವರೆಗೆ ಏನೂ ಆಗಲಿಲ್ಲ? ಮೊದಲಿನ ನಿಯಮಗಳಲ್ಲಿ 21ನೇ ಜಾಗದಲ್ಲಿ ಏನಿದ್ದರೂ ಪರವಾಗಿಲ್ಲ ಅಂತ ಬರೆದಿದ್ದರು. ಹಾಗಾಗಿ ಅದನ್ನು ಯಾರೂ ತೆರೆದು ನೋಡಲೇ ಇಲ್ಲ. ಜುಲೈ 19ರ ನಿಯಮ ಮೊದಲ ಬಾರಿಗೆ 21ನೆಯದನ್ನು ನಿಜವಾಗಿ ನೋಡು ಎಂದಿತು. ಪ್ರೋಗ್ರಾಮ್ ಇಲ್ಲದ ಜಾಗಕ್ಕೆ ಕೈ ಹಾಕಿತು. ಅದು ಓಡುತ್ತಿದ್ದದ್ದು ವಿಂಡೋಸ್‌ನ ಕರ್ನಲ್ ಒಳಗೆ, ಅಂದರೆ ಒಂದು ತಪ್ಪಾದರೆ ಇಡೀ ಯಂತ್ರವನ್ನೇ ಕೆಡವುವ ಜಾಗದಲ್ಲಿ. ಕೆಡವಿತು. ಕಳಿಸುವ ಮೊದಲು ಪರೀಕ್ಷಿಸುವ ಇನ್ನೊಂದು ಪ್ರೋಗ್ರಾಮ್ ಇತ್ತು. ಅದರಲ್ಲೂ ದೋಷ ಇತ್ತು, ಸರಿ ಇದೆ ಅಂತ ಪಾಸ್ ಮಾಡಿತು.

ರಷ್ಯಾ ಇಲ್ಲ, ಚೀನಾ ಇಲ್ಲ, ಯಾರ ಜಾತಿ ಬಣ್ಣವೂ ಇಲ್ಲ. ಇಪ್ಪತ್ತು ಮತ್ತು ಇಪ್ಪತ್ತೊಂದು.

ಇನ್ನೂ ಮುಖ್ಯವಾದದ್ದು ಒಂದಿದೆ, ಅದು ಟೆಕ್‌ನವರಲ್ಲದವರಿಗೂ ಅರ್ಥವಾಗಬೇಕು. ಗ್ರಾಹಕ ಕಂಪನಿಗಳಿಗೆ ಒಂದು ಆಯ್ಕೆ ಇತ್ತು. ಹೊಸ ಆವೃತ್ತಿ ಬಂದ ತಕ್ಷಣ ಬೇಡ, ಒಂದು ಹೆಜ್ಜೆ ಹಿಂದಿನದೇ ಇರಲಿ ಅಂತ ಸೆಟ್ ಮಾಡಬಹುದಿತ್ತು. ಹುಷಾರಿನವರು ಹಾಗೇ ಮಾಡಿಕೊಂಡಿದ್ದರು. ಆದರೂ ಅವರ ಯಂತ್ರಗಳೂ ಬಿದ್ದವು. ಯಾಕೆಂದರೆ ಆ ಆಯ್ಕೆ ಸಾಫ್ಟ್‌ವೇರ್ ಆವೃತ್ತಿಗೆ ಮಾತ್ರ. ಈ ನಿಯಮದ ಫೈಲ್‌ಗಳು ಎಲ್ಲರಿಗೂ ಒಟ್ಟಿಗೇ ಹೋಗುತ್ತಿದ್ದವು. ಸ್ವಲ್ಪ ಜನಕ್ಕೆ ಮೊದಲು ಕಳಿಸಿ, ನೋಡಿ, ಆಮೇಲೆ ಉಳಿದವರಿಗೆ ಅನ್ನೋ ಪದ್ಧತಿ ಅವುಗಳಿಗೆ ಇರಲಿಲ್ಲ. ನನ್ನ ಪ್ರಕಾರ ಈ ಪ್ರಕರಣದ ತಿರುಳು ಇಲ್ಲಿದೆ. ಗ್ರಾಹಕ ಬೀಗ ಹಾಕಿದ್ದೇನೆ ಅಂದುಕೊಂಡ ಬಾಗಿಲಿನ ಪಕ್ಕದಲ್ಲೇ ಇನ್ನೊಂದು ಬಾಗಿಲು ತೆರೆದಿತ್ತು, ಅದು ಇದೆ ಅಂತ ಅವನಿಗೆ ಯಾರೂ ಸರಿಯಾಗಿ ಹೇಳಿರಲಿಲ್ಲ. ಇದರ ಬಗ್ಗೆ ನೂರು ಕೋಪದ ಪೋಸ್ಟ್ ಬರಬೇಕಿತ್ತು.

ಬರಲಿಲ್ಲ. ಯಾಕೆ? ಆಗಸ್ಟ್ 6ರಂದು ನೀವೆಲ್ಲ ಎಲ್ಲಿದ್ದಿರಿ ಅಂತ ನೆನಪು ಮಾಡಿಕೊಳ್ಳಿ. ಹಿಂದಿನ ದಿನ ಬಾಂಗ್ಲಾದೇಶದ ಪ್ರಧಾನಿಯಾಗಿದ್ದ ಶೇಖ್ ಹಸೀನಾ ಢಾಕಾ ಬಿಟ್ಟು ದೆಹಲಿ ಹತ್ತಿರ ಬಂದು ಇಳಿದಿದ್ದರು. 6ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ ಮೊದಲ ಪಂದ್ಯದಲ್ಲೇ ಜಪಾನಿನ ಯುಯಿ ಸುಸಾಕಿಯನ್ನು ಸೋಲಿಸಿ, ಅದೇ ದಿನ ಫೈನಲ್ ತಲುಪಿದರು. 7ರ ಬೆಳಗ್ಗೆ ತೂಕ 100 ಗ್ರಾಂ ಜಾಸ್ತಿ ಅಂತ ಅವರನ್ನು ಹೊರಗೆ ಹಾಕಿದರು. ಜುಲೈನಲ್ಲಿ ಕರ್ನಲ್ ಡ್ರೈವರ್ ಪಂಡಿತರಾಗಿದ್ದವರೆಲ್ಲ ಆಗಸ್ಟ್ 7ರ ಮಧ್ಯಾಹ್ನದ ಹೊತ್ತಿಗೆ ಕುಸ್ತಿಯ ತೂಕದ ನಿಯಮಗಳ ಪಂಡಿತರಾಗಿದ್ದರು. 20ಕ್ಕೂ 21ಕ್ಕೂ ಪುರುಸೊತ್ತು ಯಾರಿಗೆ?

ಹಸೀನಾ ಹೆಸರು ಬಂತಲ್ಲ, ಅಲ್ಲಿಗೇ ಹೋಗೋಣ. ಜುಲೈ 18ರ ರಾತ್ರಿ ಬಾಂಗ್ಲಾದೇಶದಲ್ಲಿ ಇಂಟರ್ನೆಟ್ ಹೋಯಿತು. ಸರ್ಕಾರಿ ನೌಕರಿಯ ಮೀಸಲಾತಿ ವಿರೋಧಿಸಿ ವಿದ್ಯಾರ್ಥಿಗಳು ಬೀದಿಯಲ್ಲಿದ್ದರು, ಗುಂಡು ಹಾರುತ್ತಿತ್ತು. 17 ಕೋಟಿ ಜನರ ದೇಶ ಹೊರಗಿನವರಿಗೆ ಕಾಣದಾಯಿತು. ಬ್ರಾಡ್‌ಬ್ಯಾಂಡ್ ಸ್ವಲ್ಪ ಸ್ವಲ್ಪ ವಾಪಸ್ ಬಂದದ್ದು 23ಕ್ಕೆ, ಮೊಬೈಲ್ ಇಂಟರ್ನೆಟ್ 28ಕ್ಕೆ. ಡೇಟಾ ಸೆಂಟರ್‌ಗೆ ಕಿಡಿಗೇಡಿಗಳು ಬೆಂಕಿ ಇಟ್ಟರು, ಅದಕ್ಕೇ ಹೋಗಿದೆ ಅಂತ ಅಲ್ಲಿನ ಮಂತ್ರಿ ಹೇಳಿದರು. ಸರ್ಕಾರ ಬಿದ್ದ ಮೇಲೆ ನಡೆದ ತನಿಖೆಯಲ್ಲಿ, ಬೆಂಕಿಗೂ ಇದಕ್ಕೂ ಸಂಬಂಧ ಇಲ್ಲ, ಮೇಲಿನ ಆದೇಶದಂತೆ ಬಂದ್ ಮಾಡಿದ್ದು ಅಂತ ಹೊರಬಂತು.

ಅಂದರೆ ನೋಡಿ. ಜುಲೈ 19ರ ಶುಕ್ರವಾರ ಜಗತ್ತಿನಲ್ಲಿ ಎರಡು ದೊಡ್ಡ ಕಂಪ್ಯೂಟರ್ ಸುದ್ದಿ ಇದ್ದವು. ಒಂದರಲ್ಲಿ ಯಾರ ಸಂಚೂ ಇರಲಿಲ್ಲ, ಅದರಲ್ಲಿ ಎಲ್ಲರೂ ಸಂಚು ಹುಡುಕಿದರು. ಇನ್ನೊಂದರಲ್ಲಿ ಬೇಕೆಂದೇ ಮಾಡಿದ ಕೈ ಇತ್ತು, ನಮ್ಮ ಪಕ್ಕದ ದೇಶ ಬೇರೆ, ಅದನ್ನು ಹೆಚ್ಚಿನವರು ತಿರುಗಿಯೂ ನೋಡಲಿಲ್ಲ. ಅದಕ್ಕೊಂದು ಸರಳ ಕಾರಣ ಇದೆ ಅಂತ ನನಗನ್ನಿಸುತ್ತದೆ. ನೀಲಿ ಪರದೆಗೆ ಫೋಟೋ ಇತ್ತು, ಪೆನ್ನಿನಲ್ಲಿ ಬರೆದ ಬೋರ್ಡಿಂಗ್ ಪಾಸ್ ಇತ್ತು, ಜೋಕ್ ಇತ್ತು. ಇಂಟರ್ನೆಟ್ ಹೋದ ಊರಿನಿಂದ ಫೋಟೋ ಬರುವುದಿಲ್ಲ. ನಮಗೂ ಇದು ಹೊಸದಲ್ಲ. ಮಣಿಪುರದಲ್ಲಿ 2023ರ ಮೇ ತಿಂಗಳಿಂದ ತಿಂಗಳುಗಟ್ಟಲೆ ಇಂಟರ್ನೆಟ್ ಇರಲಿಲ್ಲ. ರಾಜಸ್ಥಾನದಲ್ಲಿ ಪರೀಕ್ಷೆಯಲ್ಲಿ ಕಾಪಿ ಹೊಡೆಯುತ್ತಾರೆ ಅಂತ ಜಿಲ್ಲೆಗಟ್ಟಲೆ ಬಂದ್ ಮಾಡಿದ್ದುಂಟು. ಯಾವ ಬಂದ್‌ಗೂ ಬಂದ್ ಆದ ದಿನ ಪ್ರತಿಕ್ರಿಯೆ ಬರದು. ಪ್ರತಿಕ್ರಿಯೆ ಕೊಡಬೇಕಾದವರೇ ಆಫ್‌ಲೈನ್.

ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ, ಇದರಲ್ಲಿ ಬೈಸಿಕೊಳ್ಳುವ ಸಾಧ್ಯತೆ ಜಾಸ್ತಿ. ಉದ್ಯೋಗ ಮೀಸಲಾತಿ ಮಸೂದೆ. ಮುಖ್ಯಮಂತ್ರಿಗಳ ಎಕ್ಸ್ ಖಾತೆಯಲ್ಲಿ ಮೊದಲು ಬಂದದ್ದು, ಸಿ ಮತ್ತು ಡಿ ದರ್ಜೆಯಲ್ಲಿ ಶೇ. 100 ಕನ್ನಡಿಗರು ಅಂತ. ಆ ಪೋಸ್ಟ್ ಆಮೇಲೆ ಅಳಿಸಿಹೋಯಿತು. ಕಾರ್ಮಿಕ ಸಚಿವ ಸಂತೋಷ್ ಲಾಡ್ ಅವರು, ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದದ್ದರಲ್ಲಿ ಶೇ. 70 ಅಂತ ಸ್ಪಷ್ಟ ಮಾಡಿದರು. ಈ ನಡುವೆ ಉದ್ಯಮಿಗಳಾದ ಮೋಹನ್‌ದಾಸ್ ಪೈ, ಕಿರಣ್ ಮಜುಂದಾರ್ ಷಾ, ಐಟಿ ಕಂಪನಿಗಳ ಒಕ್ಕೂಟ ನಾಸ್ಕಾಂ, ಎಲ್ಲರೂ ಮಾತಾಡಿ ಆಗಿತ್ತು. ಆಂಧ್ರದ ಮಂತ್ರಿ ನಾರಾ ಲೋಕೇಶ್ ನಮ್ಮ ವಿಶಾಖಪಟ್ಟಣಕ್ಕೆ ಬನ್ನಿ ಅಂತ ಕಂಪನಿಗಳನ್ನು ಕರೆದೂ ಆಗಿತ್ತು. ಅದೇ ಆಂಧ್ರದಲ್ಲಿ 2019ರಲ್ಲಿ, ಬೇರೆ ಪಕ್ಷದ ಸರ್ಕಾರ ಇದ್ದಾಗ, ಸ್ಥಳೀಯರಿಗೆ ಶೇ. 75 ಅಂತ ಕಾನೂನು ಮಾಡಿದ್ದರು ಅನ್ನೋದನ್ನು ಕೇಳಿದವರು ಕಡಿಮೆ. 17ರ ರಾತ್ರಿಯೊಳಗೆ ನಮ್ಮ ಸರ್ಕಾರ ಮಸೂದೆಯನ್ನು ತಡೆಹಿಡಿಯಿತು. ಸಂಪುಟದ ಒಪ್ಪಿಗೆಯಿಂದ ತಡೆಯವರೆಗೆ ಮೂರು ದಿನ.

ಫೋನ್‌ಪೇ ಮುಖ್ಯಸ್ಥ ಸಮೀರ್ ನಿಗಮ್, ನನ್ನ ತಂದೆ ನೌಕಾಪಡೆಯಲ್ಲಿದ್ದರು, ನಾನು ಯಾವ ರಾಜ್ಯದಲ್ಲೂ 15 ವರ್ಷ ಇದ್ದವನಲ್ಲ ಅನ್ನೋ ಅರ್ಥದಲ್ಲಿ ಬರೆದರು. ಫೋನ್‌ಪೇ ಅನ್‌ಇನ್‌ಸ್ಟಾಲ್ ಮಾಡಿ ಅಂತ ಅಭಿಯಾನ ಶುರುವಾಯಿತು, ಆತ ಕ್ಷಮೆ ಕೇಳಿದರು. ಅನ್‌ಇನ್‌ಸ್ಟಾಲ್ ಮಾಡಿದವರು ಗೂಗಲ್ ಪೇಗೆ ಹೋದರೂ, ಅದೇನು ಮಂಡ್ಯದವರ ಕಂಪನಿಯಲ್ಲ, ಇರಲಿ. ನಾನು ಹೇಳಬೇಕಾದ್ದು ಮಸೂದೆಯ ಒಳಗಿನ ಮಾತು. ಸ್ಥಳೀಯ ಅಂದರೆ ಕರ್ನಾಟಕದಲ್ಲಿ ಹುಟ್ಟಿರಬೇಕು, 15 ವರ್ಷ ಇಲ್ಲಿ ವಾಸ ಇರಬೇಕು, ಕನ್ನಡ ಮಾತಾಡಲು, ಓದಲು, ಬರೆಯಲು ಬರಬೇಕು ಅಂತ ಅದರಲ್ಲಿತ್ತು. ತಕ್ಕ ಜನ ಸಿಗದಿದ್ದರೆ ವಿನಾಯಿತಿ ಕೇಳಬಹುದು, ಆಗಲೂ ಆಡಳಿತ ಹುದ್ದೆಗಳಲ್ಲಿ ಶೇ. 25, ಉಳಿದದ್ದರಲ್ಲಿ ಶೇ. 50ಕ್ಕಿಂತ ಕೆಳಗೆ ಇಳಿಯುವಂತಿಲ್ಲ ಅಂತಲೂ ಇತ್ತು. ಪಾಲಿಸದ ಕಂಪನಿಗೆ ದಂಡ ಎಷ್ಟು ಗೊತ್ತಾ? 10 ಸಾವಿರದಿಂದ 25 ಸಾವಿರ ರೂಪಾಯಿ.

ಕೋಟಿಗಟ್ಟಲೆ ವ್ಯವಹಾರ ಮಾಡುವ ಕಂಪನಿಗೆ 25 ಸಾವಿರ. ಒಬ್ಬ ನೌಕರನಿಗೆ ಕೊಡುವ ಲ್ಯಾಪ್‌ಟಾಪ್‌ನ ಬೆಲೆಯೂ ಅಲ್ಲ. ಮಸೂದೆ ಬೆಂಗಳೂರನ್ನೇ ಮುಳುಗಿಸುತ್ತದೆ ಅಂದವರೂ ಇದನ್ನು ನೋಡಲಿಲ್ಲ, ಮಸೂದೆ ಕನ್ನಡಿಗರನ್ನು ಉಳಿಸುತ್ತದೆ ಅಂದವರೂ ನೋಡಲಿಲ್ಲ. ಕನ್ನಡಿಗರಿಗೆ ಉದ್ಯೋಗದ ಬಗ್ಗೆ ಬಂದ 1980ರ ದಶಕದ ಸರೋಜಿನಿ ಮಹಿಷಿ ವರದಿಯಿಂದ ಇವತ್ತಿನವರೆಗೂ ಕನ್ನಡಿಗರು ಕೇಳುತ್ತಿರುವುದು ನ್ಯಾಯವಾದ ಪ್ರಶ್ನೆ ಅಂತ ನಂಬುವವನು ನಾನು. ಅದಕ್ಕೇ ನನಗೆ ಸಿಟ್ಟು. ಹರಿಯಾಣದ ಶೇ. 75ರ ಕಾನೂನನ್ನು ಅಲ್ಲಿನ ಹೈಕೋರ್ಟ್ 2023ರ ನವೆಂಬರ್‌ನಲ್ಲಿ ಹೊಡೆದುಹಾಕಿತ್ತು. ಅದಾಗಿ ಎಂಟೇ ತಿಂಗಳಿಗೆ, ಕೋರ್ಟಿನಲ್ಲಿ ಹೇಗೆ ನಿಲ್ಲಿಸುತ್ತೀರಿ, ಈ ದಂಡಕ್ಕೆ ಯಾರು ಹೆದರುತ್ತಾರೆ ಅಂತ ಸರ್ಕಾರವನ್ನು ಮೊದಲು ಕೇಳಬೇಕಾದವರು ಕನ್ನಡದ ಪರ ಇರುವವರೇ ಅಲ್ವಾ? ನಾವು ಆ ಮೂರು ದಿನ ಪೈ ಅವರಿಗೆ ಬೈಯುತ್ತಾ ಕೂತೆವು.

ಶಿರೂರಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಅಲ್ಲಿ ಸತ್ತವರ ಮನೆಯವರು ಇದ್ದಾರೆ. ಹೆದ್ದಾರಿ ಪಕ್ಕ ಟೀ ಅಂಗಡಿ ಇಟ್ಟಿದ್ದ ಕುಟುಂಬ ಮಣ್ಣಲ್ಲಿ ಹೋಯಿತು. ಗ್ಯಾಸ್ ಟ್ಯಾಂಕರ್ ಗಂಗಾವಳಿ ನದಿಗೆ ಬಿತ್ತು. ಮಣ್ಣು ಬಿದ್ದ ರಭಸಕ್ಕೆ ನದಿ ಆಚೆ ದಡಕ್ಕೆ ಎದ್ದು ಉಳುವರೆ ಊರಿನ ಮನೆಗಳನ್ನು ಹೊಡೆಯಿತು. ಕೇರಳದ ಲಾರಿ ಚಾಲಕರೊಬ್ಬರು ಕಾಣೆಯಾಗಿದ್ದರು. ಆನ್‌ಲೈನ್‌ನಲ್ಲಿ ಅದು ಎರಡೇ ದಿನಕ್ಕೆ ಕೇರಳ ಮತ್ತು ಕರ್ನಾಟಕದ ಜಗಳವಾಯಿತು. ನಿಮ್ಮ ಸರ್ಕಾರ ಹುಡುಕುತ್ತಿಲ್ಲ ಅಂತ ಅವರು, ನಿಮಗೆ ನಿಮ್ಮವನೊಬ್ಬನೇ ಕಾಣುವುದಾ ಅಂತ ಇವರು. ಲಾರಿ ನದಿಯೊಳಗೆ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಚತುಷ್ಪಥ ಮಾಡುವಾಗ ಗುಡ್ಡವನ್ನು ಹೇಗೆ ಕಡಿದರು, ಕಡಿದ ಮೇಲೆ ಇಳಿಜಾರಿಗೆ ಏನು ರಕ್ಷಣೆ ಕೊಟ್ಟರು ಅನ್ನೋ ಪ್ರಶ್ನೆ ಎರಡೂ ರಾಜ್ಯದವರದ್ದು. ಅದೇ ಹೆದ್ದಾರಿ 66 ಕೇರಳಕ್ಕೂ ಹೋಗುತ್ತದೆ. ಅಲ್ಲೂ ಗುಡ್ಡ ಕಡಿಯುತ್ತಿದ್ದರು.

ನನ್ನ ಮಾತು ಮುಗಿಯಿತು. ಪ್ರಶ್ನೆಗಳಿದ್ದರೆ ಕೇಳಿ.

ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಕೇಳಿದಳು: ಹಾಗಾದರೆ ವರದಿ ಬರುವ ತನಕ ಸುಮ್ಮನಿರಬೇಕಾ ಸರ್?

ಬೇಡಮ್ಮ. ಸುಮ್ಮನಿದ್ದರೆ ಕೆಲಸ ಕೆಡುವ ಕಡೆಗಳೂ ಇವೆ. ಮಸೂದೆಯ ವಿಷಯದಲ್ಲಿ ಉದ್ಯಮದವರು ವರದಿಗೆ ಕಾಯಲಿಲ್ಲ, ಮೂರು ದಿನದಲ್ಲಿ ಕೂಗಿ ತಮಗೆ ಬೇಕಾದ್ದನ್ನು ಮಾಡಿಸಿಕೊಂಡರು. ಕೂಗಿಗೆ ಬಲ ಇದೆ. ಢಾಕಾದ ಹುಡುಗರೂ ಕಾಯಲಿಲ್ಲ. ನಾನು ಹೇಳುವುದು ವರದಿಗಾರರಾಗುವ ನಿಮಗೆ. ಮೊದಲ ದಿನ ಬರೆಯಿರಿ, ಯಾರಿಗೆ ಏನಾಯಿತು ಅಂತ ಬರೆಯಿರಿ, ಯಾಕೆ ಅನ್ನೋ ಕಾಲಂ ಖಾಲಿ ಬಿಡಿ. ಡೈರಿಯಲ್ಲಿ ಮೂರು ವಾರ ಮುಂದಿನ ತಾರೀಖಿಗೆ ಒಂದು ಸಾಲು ಹಾಕಿಕೊಳ್ಳಿ. ಕ್ರೌಡ್‌ಸ್ಟ್ರೈಕ್‌ಗೆ ಹಿಡಿದದ್ದು 18 ದಿನ.

ಹಿಂದಿನಿಂದ ಒಬ್ಬ ಹುಡುಗ: ಆಗ ಬರೆದರೆ ಯಾರು ಓದುತ್ತಾರೆ ಸರ್?

ಕಡಿಮೆ ಜನ. ಸುಳ್ಳು ಹೇಳುವುದಿಲ್ಲ. ನಿಮ್ಮ ಸಂಪಾದಕರು ಹಳೇ ಸುದ್ದಿ ಯಾಕೆ ಅಂತಲೂ ಕೇಳುತ್ತಾರೆ. ಆದರೆ ಆ ಕಡಿಮೆ ಜನ ಯಾರು ನೋಡಿ. ಮುಂದಿನ ಟೆಂಡರ್ ಬರೆಯುವವನು ಓದುತ್ತಾನೆ, ವಕೀಲ ಓದುತ್ತಾನೆ. ಡೆಲ್ಟಾ ವಿಮಾನ ಕಂಪನಿ ಆ ಐದು ದಿನಗಳಲ್ಲಿ ಸುಮಾರು 7 ಸಾವಿರ ವಿಮಾನ ರದ್ದು ಮಾಡಿತ್ತು, 50 ಕೋಟಿ ಡಾಲರ್ ನಷ್ಟ ಅಂತ ಜಾರ್ಜಿಯಾದಲ್ಲಿ ಕೇಸ್ ಹಾಕಿತು. 2025ರ ಮೇ ತಿಂಗಳಲ್ಲಿ ನ್ಯಾಯಾಧೀಶರು ಕೇಸಿನ ಹೆಚ್ಚಿನ ಭಾಗ ಮುಂದುವರಿಯಲಿ ಅಂದರು. ಡೆಲ್ಟಾದ ವಾದದಲ್ಲಿ ರಷ್ಯಾ ಇಲ್ಲ. ಕಳಿಸುವ ಮೊದಲು ಒಂದೇ ಒಂದು ಕಂಪ್ಯೂಟರ್‌ನಲ್ಲಿ ಹಾಕಿ ನೋಡಿದ್ದರೂ ತಪ್ಪು ಗೊತ್ತಾಗುತ್ತಿತ್ತು ಅನ್ನೋದು ಅದರ ಮುಖ್ಯ ಮಾತು. ಈ ಕೇಸಿನ ಬಗ್ಗೆ ಕನ್ನಡದಲ್ಲಿ ನಾನು ನೋಡಿದ್ದು ತೀರಾ ಕಡಿಮೆ. ನಿಮ್ಮಲ್ಲಿ ಯಾರಾದರೂ ಬರೆಯುವುದಾದರೆ ಕರ್ನಲ್ ಅಂದರೇನು ಅಂತ ವಿವರಿಸಲು ನಾನು ಫೋನಿನಲ್ಲಿ ಸಿಗುತ್ತೇನೆ, ನಂಬರ್ ನಿಮ್ಮ ಮೇಷ್ಟ್ರ ಹತ್ತಿರ ಇದೆ.